ಕೆಳಗಿನ ಬರ್ತು ಎಲ್ಲಾರದೂ

ಸ್ಪೇನಿನ ವೆಲೆನ್ಸಿಯಾದಾಗ ಅಗ್ಗದ ಹಾಸ್ಟೆಲ್ ಹಿಡಿದಿದ್ದೆ. ಖೋಲಿ ತುಂಬ ಒಂದರ ಮ್ಯಾಲೊಂದು ಹಾಸಿಗಿ. ನನಗ ಸಿಕ್ಕಿದ್ದು ಮ್ಯಾಲಿಂದು. "ಈ ವಯಸ್ಸಿನ್ಯಾಗ ಹತ್ತತೀರೇನು?" ಅಂತ ಕೌಂಟರಿನ ಹುಡುಗಿ ಕೇಳಿದ್ಲು. ಸಿಕಂದರಾಬಾದಿನಿಂದ ಹುಬ್ಬಳ್ಳಿ ತವರಿಗೆ ಜನ್ಮಪೂರ್ತಿ ಅಪ್ಪರ್ ಬರ್ತಿನ್ಯಾಗ ಹೋದಾಕಿ ನಾನು! ಸೀರಿ ನಿರಿಗಿ ಸಿಗಿಸಿ ಸರಕ್ಕನ ಹತ್ತಿಬಿಟ್ಟೆ.

ಜಗಳ ಆಗಿದ್ದು ಮುಂಜಾನೆ. ಕೆಳಗಿನ ಹಾಸಿಗಿಯ ಜರ್ಮನ್ ಹುಡುಗಿ ಎದ್ದು ಕುಂತಿದ್ಲು. ನಾ ಇಳಿದು, ರೈಲಿನ ರೂಢಿಯಂಗ, ಅಕಿ ಬಾಜೂಕ ಚಕ್ಕಳಮಕ್ಕಳ ಹಾಕಿ ಕುಂತು ಚುರಮರಿ ಡಬ್ಬಿ ತೆಗೆದೆ.

"ಇದು ನನ್ನ ಹಾಸಿಗಿ," ಅಂದ್ಲು.

"ರಾತ್ರಿ ನಿಂದು. ಬೆಳಗಾದ ಮ್ಯಾಲ ಎಲ್ಲಾರದೂ," ಅಂದೆ.

ಅಕಿ ಹೋಗಿ ಕೌಂಟರಿನಾಕಿನ್ನ ಕರಕೊಂಡು ಬಂದ್ಲು. "ಅಂಥಾ ನಿಯಮ ಇಲ್ಲಿಲ್ಲ, ನಿಮ್ಮ ಹಾಸಿಗಿ ಮ್ಯಾಲ ಕುಂಡ್ರಿ," ಅಂದ್ಲು ಕೌಂಟರಿನಾಕಿ.

ನನಗೂ ಸಿಟ್ಟು ಬಂತು. "ಅಲ್ಲೆ ಕುಂತರ ತಲಿ ಛತ್ತಿಗೆ ಬಡೀತೈತಿ. ನೀನ ಹತ್ತಿ ನೆಟ್ಟಗ ಕುಂತು ತೋರಸು, ಆಮ್ಯಾಲ ಏಳತೀನಿ!"

ಆಕಿನೂ ಹಟಮಾರಿ, ಹತ್ತಿದ್ಲು. ತಲಿ ಢಣ್ ಅಂತು. ಜರ್ಮನ್ ಹುಡುಗಿ ನಗು ತಡೀಲಾರದ ಸರಿದು ಜಾಗ ಬಿಟ್ಲು.

ಕೌಂಟರಿನಾಕಿ ತಲಿ ತಿಕ್ಕೋತ ಇಳಿದು ಎಲ್ಲಿ ಕುಂತ್ಲು ಅಂತೀರಿ? ನಮ್ಮಿಬ್ಬರ ನಡುವ, ಕೆಳಗಿನ ಬರ್ತಿನ್ಯಾಗ.