ಬೇಗ ಶುರುವಾಗುವ ಕಂಪ್ಯೂಟರ್

ಗೆಳೆಯರೇ, ಈ ಬೆಳಿಗ್ಗೆ ಕುರ್ಲಾದ ನಮ್ಮ ಮನೆಯಲ್ಲಿ ವಿಜ್ಞಾನ ಗೆದ್ದಿದೆ. ವಿಜಯೋತ್ಸವ ಮಾತ್ರ ಇಲ್ಲ.

ಅಪ್ಪ ಮನೆಯಲ್ಲೇ ಕೂತು ಹೋಟೆಲುಗಳ ಮೆನು ಟೈಪ್ ಮಾಡಿಕೊಡುವವರು. ಹಳೆಯ ಕಂಪ್ಯೂಟರ್ ಶುರುವಾಗಲು ಒಂದು ಯುಗ ಹಿಡಿಯುತ್ತಿತ್ತು. ಹಾಗಾಗಿ ಗುಂಡಿ ಒತ್ತಿ ಅಡುಗೆಮನೆಗೆ ಹೋಗಿ, ಅಮ್ಮನ ಜೊತೆ ಚಹಾ ಕುಡಿದು, ಲೋಕದ ಸುದ್ದಿಯೆಲ್ಲ ಮುಗಿಸಿ ಬರುವುದು ಅವರ ರೂಢಿ. ಹೊಸ ಕಂಪ್ಯೂಟರ್ ಬಂದ ಮೇಲೂ ಅದೇ ರೂಢಿ. ಇವತ್ತು ನಾನು ಅಡ್ಡ ನಿಂತೆ.

"ಅಪ್ಪಾ, ಏಳಬೇಡಿ. ನೋಡಿ, ಆಗಲೇ ಬಂತು."

"ಅರೆ, ಇಷ್ಟು ಬೇಗವಾ?" ಎಂದವರು ಅಲ್ಲೇ ಕೂತು ಟೈಪಿಂಗ್ ಶುರು ಮಾಡಿಯೇಬಿಟ್ಟರು.

ಅಮ್ಮ ಚಹಾವನ್ನು ಮೇಜಿಗೇ ತಂದಿಟ್ಟರು. "ಪಕ್ಕದ ಬಿಲ್ಡಿಂಗಿನ ಹುಡುಗಿಗೆ ಮದುವೆ ಗೊತ್ತಾಯ್ತಂತೆ, ಕೇಳಿದ್ರಾ?"

ಅಪ್ಪ ಪರದೆ ನೋಡುತ್ತಲೇ "ಹೂಂ" ಎಂದರು. ಹುಡುಗ ಯಾರು ಅಂತಲೂ ಕೇಳಲಿಲ್ಲ.

ಆಮೇಲೆ ಅಮ್ಮ ನನ್ನನ್ನು ಅಡುಗೆಮನೆಗೆ ಕರೆದು ಮೆಲ್ಲಗೆ ಕೇಳಿದರು, "ಮಗಾ, ಅದನ್ನು ಸ್ವಲ್ಪ ನಿಧಾನ ಮಾಡ್ಲಿಕ್ಕೆ ಆಗ್ತದಾ?"

ನಾನು ಫೋನ್ ತೆಗೆದು ಹುಡುಕಿದೆ.

ಕಂಪ್ಯೂಟರನ್ನು ಚುರುಕು ಮಾಡುವ ವಿಡಿಯೋಗಳು ರಾಶಿ ಇವೆ. ನಿಧಾನ ಮಾಡುವಂಥದ್ದು ಯಾರ ಬಳಿಯಾದರೂ ಇದ್ದರೆ ದಯವಿಟ್ಟು ಕಳಿಸಿ. ನಾಳೆ ಅಪ್ಪ ಗುಂಡಿ ಒತ್ತುವ ಮೊದಲು ಬೇಕು.