ವಲೇರಿಯನ್ನರ ಉಗಿ ಬೋಗಿ

ಹನ್ನೊಂದು ವರ್ಷ ನಮ್ಮ ಊಟದ ಮೇಜಿನ ಮೇಲೆ ಯಾರೂ ಊಟ ಮಾಡಲಿಲ್ಲ. ದೋಹಾದ ಬಿನ್ ಮಹಮೂದ್ ಬಡಾವಣೆಯ ಆ ಸಣ್ಣ ಫ್ಲ್ಯಾಟಿನಲ್ಲಿ ಇದ್ದದ್ದೇ ಒಂದು ಮೇಜು. ಅದರ ಮೇಲೆ ನನ್ನ ಗಂಡ ವಲೇರಿಯನ್ ಲೋಬೊ ಅವರ ರೈಲು ಕೂತಿತ್ತು. ನಾವು ಸೋಫಾದಲ್ಲಿ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದೆವು. ಬಂದ ನೆಂಟರಿಗೂ ಅದೇ ಗತಿ. ನನಗೆ ಸಿಟ್ಟು ಬರುತ್ತಿರಲಿಲ್ಲ ಎಂದರೆ ಸುಳ್ಳು ಹೇಳಿದ ಹಾಗಾಗುತ್ತದೆ.

ಅವರು ಡ್ರಾಫ್ಟ್ಸ್‌ಮನ್. ಮೂವತ್ತೊಂದು ವರ್ಷ ದೋಹಾದ ಕಟ್ಟಡಗಳಿಗೆ ಎ.ಸಿ. ಗಾಳಿ ಹೋಗುವ ಡಕ್ಟುಗಳ ನಕ್ಷೆ ಬರೆದರು. ಡಕ್ಟು ಚಾವಣಿಯ ಒಳಗೆ ಅಡಗಿರುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ನಕ್ಷೆಯ ಮೂಲೆಯಲ್ಲಿ ‘ಬರೆದವರು’ ಎಂಬ ಚೌಕದಲ್ಲಿ ಇವರ ಎರಡಕ್ಷರ, ‘ಪರಿಶೀಲಿಸಿದವರು’ ಎಂಬ ಚೌಕದಲ್ಲಿ ಇನ್ಯಾರದೋ ಸಹಿ. ಆಮೇಲೆ ಅದು ಕನ್ಸಲ್ಟೆಂಟ್ ಆಫೀಸಿಗೆ ಹೋಗಿ ಮೊಹರು ಹಾಕಿಸಿಕೊಂಡು ಬರಬೇಕು. ಕೋಡ್ ಎ ಎಂದರೆ ಒಪ್ಪಿಗೆ. ಕೋಡ್ ಡಿ ಎಂದರೆ ಕಸದ ಬುಟ್ಟಿ. ಕೋಡ್ ಸಿ ಎಂದರೆ ತಿದ್ದಿ ಮತ್ತೆ ಕಳುಹಿಸಿ. ನಮ್ಮವರಿಗೆ ಹೆಚ್ಚಾಗಿ ಸಿಗುತ್ತಿದ್ದುದು ಸಿ. ಬಾಗಿಲಲ್ಲಿ ಶೂ ಬಿಚ್ಚಿ ಎಸೆಯುವ ಸದ್ದಿಗೇ ನನಗೆ ಗೊತ್ತಾಗುತ್ತಿತ್ತು, ಇವತ್ತೂ ಸಿ.

ಆಫೀಸಿನಲ್ಲಿದ್ದ ಒಬ್ಬ ಇಂಗ್ಲಿಷ್ ಇಂಜಿನಿಯರ್ ಊರಿಗೆ ಹೋಗುವಾಗ ಹಳೆಯ ರೈಲು ಬೋಗಿಯ ನಕ್ಷೆಯೊಂದನ್ನು ಇವರ ಕೈಗೆ ಕೊಟ್ಟುಹೋದ. ನನ್ನ ಸಂಸಾರಕ್ಕೆ ಶನಿ ಹಿಡಿದದ್ದು ಅವತ್ತು. ನೂರು ವರ್ಷಕ್ಕೂ ಹಿಂದೆ ಬ್ರಿಟನ್ನಿನಲ್ಲಿ, ಜನ ಕಡಿಮೆ ಇದ್ದ ಸಣ್ಣ ಮಾರ್ಗಗಳಿಗೆ ದೊಡ್ಡ ಇಂಜಿನ್ ಕಳಿಸಿದರೆ ಖರ್ಚು ಹುಟ್ಟದೆಂದು, ಬೋಗಿಯ ಒಂದು ತುದಿಯ ಒಳಗೇ ಪುಟ್ಟ ಉಗಿ ಇಂಜಿನ್ ಕೂರಿಸಿ ಓಡಿಸುತ್ತಿದ್ದರಂತೆ. ಅದರ ಕಷ್ಟಗಳನ್ನೂ ಇವರೇ ಹೇಳಿದರು. ಇಂಜಿನ್ ಕೆಟ್ಟರೆ ಬೋಗಿಯೂ ಶೆಡ್ಡಿನಲ್ಲಿ ಕೂರಬೇಕು. ಏರಿನಲ್ಲಿ ಇನ್ನೊಂದು ಬೋಗಿ ಎಳೆಯಲು ಶಕ್ತಿ ಸಾಲದು. ಬರಬರುತ್ತಾ ಅಲ್ಲಿಯವರೇ ಬೇಸತ್ತು, ಬೋಗಿಯಿಂದ ಬಿಚ್ಚಿಡಬಹುದಾದ ಸಣ್ಣ ಇಂಜಿನ್‌ಗಳನ್ನೇ ತಂದರಂತೆ.

“ಅವರೇ ಬಿಟ್ಟದ್ದನ್ನು ನೀವು ಯಾಕೆ ಹಿಡ್ಕೊಂಡದ್ದು?” ಎಂದು ಕೇಳಿದ್ದೆ.

“ಗೆರೆ ನೋಡು ಮಾರಾಯ್ತಿ. ಎಲ್ಲ ಕೈಯಲ್ಲೇ ಎಳೆದದ್ದು. ಒಂದಾದ್ರೂ ನಡುಗಿದೆಯಾ?”

ಆ ನಕ್ಷೆಯನ್ನು ಕುಗ್ಗಿಸಿ ತಾವೇ ಹೊಸದಾಗಿ ಬರೆದರು. ಹಿತ್ತಾಳೆ ತಗಡು ಕತ್ತರಿಸಿದರು, ಗರಗಸದ ಪುಡಿ ನನ್ನ ಸಾರಿನಲ್ಲೂ ಸಿಕ್ಕಿತು. ನಾಲ್ಕು ಬಾಯ್ಲರ್ ಸೋರಿದವು, ಐದನೆಯದು ಸೋರದೆ ನಿಂತಿತು. ಅಷ್ಟರಲ್ಲಿ ಅವರಿಗೆ ಅರವತ್ತಾಯಿತು. ಕಂಪೆನಿ ಖಲಾಸ್ ಎಂದಿತು. ನನ್ನದು ಅವರ ಹೆಸರಿನಲ್ಲಿರುವ ಫ್ಯಾಮಿಲಿ ವೀಸಾ. ಅವರ ಇಂಜಿನ್ ನಿಂತರೆ ನಾನೂ ಶೆಡ್ಡಿಗೆ.

ಶನಿವಾರ ಸಾಮಾನು ಒಯ್ಯಲು ಕಾರ್ಗೋದವರು ಬರುವವರಿದ್ದರು, ಭಾನುವಾರ ಊರಿಗೆ ವಿಮಾನ. ಶುಕ್ರವಾರ ಬೆಳಿಗ್ಗೆ ಇಗರ್ಜಿಯಲ್ಲಿ ಪೂಜೆ ಮುಗಿಸಿ, ಮದೀನತ್ ಖಲೀಫಾದಲ್ಲಿರುವ ಗೆಳೆಯ ಹೆನ್ರಿಯ ವಿಲ್ಲಾದ ಅಂಗಳದಲ್ಲಿ ರೈಲು ಓಡಿಸುವುದೆಂದು ನಿಶ್ಚಯವಾಯಿತು. ಹತ್ತು ಹನ್ನೆರಡು ಜನರಿಗೆ ಕರೆ ಹೋಯಿತು. ಅದರಲ್ಲಿ ಇಮ್ತಿಯಾಝ್ ಸಾಹೇಬರೂ ಇದ್ದರು, ಕನ್ಸಲ್ಟೆಂಟ್ ಆಫೀಸಿನಲ್ಲಿ ಇವರ ನಕ್ಷೆಗಳಿಗೆ ಸಿ ಮೊಹರು ಒತ್ತುತ್ತಿದ್ದ ಪುಣ್ಯಾತ್ಮ.

“ಅವರನ್ನು ಯಾಕೆ ಕರೆದದ್ದು?”

“ನೋಡ್ಲಿ. ನಾನು ಬರೆದದ್ದು ಒಂದಾದ್ರೂ ಓಡುದನ್ನು ಅವರು ನೋಡ್ಬೇಕು, ಕೊನ್ಸೆಪ್ಟಾ.”

ಶುಕ್ರವಾರ ಅವರು ಸ್ನಾನಕ್ಕೆ ಹೋದಾಗ, ಬಾಯ್ಲರಿಗೆಂದು ಅಳೆದಿಟ್ಟ ಡಿಸ್ಟಿಲ್ಡ್ ವಾಟರಿನ ಬಾಟಲಿ ಮೇಜಿನ ಮೇಲಿತ್ತು. ನಾನು ಅದರಲ್ಲಿ ಅರ್ಧ ಚೆಲ್ಲಿದೆ. ದೇವರ ಪಟದ ಹಿಂದೆ, ಊರಿನ ಇಗರ್ಜಿಯಿಂದ ತಂದ ಪವಿತ್ರ ಜಲವಿತ್ತು. ಅದನ್ನು ಚೆನ್ನಾಗಿ ಕುಲುಕಿ ಆ ಅರ್ಧಕ್ಕೆ ತುಂಬಿಸಿದೆ. ಹನ್ನೊಂದು ವರ್ಷ ಆ ರೈಲಿಗೆ ಶಾಪ ಹಾಕಿದ ಬಾಯಿಯಲ್ಲೇ ಒಂದು ಪ್ರಾರ್ಥನೆಯನ್ನೂ ಹೇಳಿದೆ.

ಅಂಗಳದಲ್ಲಿ ಹಳಿ ಜೋಡಿಸಿದ್ದಾಯಿತು. ಗ್ಯಾಸ್ ಹೊತ್ತಿತು, ಕೈಗಡಿಯಾರದಷ್ಟೂ ದೊಡ್ಡದಲ್ಲದ ಮೀಟರಿನ ಮುಳ್ಳು ಏರಿತು. ಪುಟ್ಟ ಸಿಳ್ಳೆ ಕೂಗಿದಾಗ ಎಲ್ಲರೂ ಚಪ್ಪಾಳೆ ಹೊಡೆದರು. ಬೋಗಿ ಹೊರಟಿತು. ಒಂದು ಗಜ ಹೋಯಿತು, ಎರಡು ಗಜ. ಇದ್ದಕ್ಕಿದ್ದಂತೆ ಕುಕ್ಕರಿನಿಂದ ಬೇಳೆ ಉಕ್ಕಿದ ಹಾಗೆ ಚಿಮಣಿಯಿಂದ ನೊರೆ ಉಕ್ಕಿತು. ಬೋಗಿ ಕೆಮ್ಮಿ ನಿಂತುಬಿಟ್ಟಿತು. ಇವರು ಮಂಡಿಯೂರಿ ಕೈಯಿಂದ ತಳ್ಳಿದರು. ಮತ್ತೆ ನೊರೆ. ಮೂರನೆಯ ಸಲ ಅದು ಅಲುಗಾಡಲೇ ಇಲ್ಲ.

“ಯಲ್ಲಾ, ನಡೀರಿ, ಊಟ ತಣ್ಣಗಾಗ್ತದೆ,” ಎಂದ ಹೆನ್ರಿ, ಪಾಪ.

ಇಮ್ತಿಯಾಝ್ ಸಾಹೇಬರು ಇವರ ಬೆನ್ನು ತಟ್ಟಿದರು. ಬಹಳ ಚೆಂದದ ಆಟಿಕೆ ವಲೇರಿಯನ್ ಭಾಯ್, ಎಂದು ಹಿಂದಿಯಲ್ಲಿ ಪ್ರೀತಿಯಿಂದಲೇ ಹೇಳಿದರು. ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಇವರು ಬಿರಿಯಾನಿ ಮುಟ್ಟಲಿಲ್ಲ.

ಮಧ್ಯಾಹ್ನ ಮನೆಗೆ ಬಂದವರೇ ಬಾಯ್ಲರ್ ಬಿಚ್ಚಲು ಕೂತರು. ಸಿಟ್ಟಿನಲ್ಲಿ ತಿರುಗಿಸಿದ್ದಕ್ಕೆ ಅದರ ಮುಚ್ಚಳವನ್ನು ಬಿಗಿಹಿಡಿಯುವ ಬಳೆ ಮುರಿಯಿತು. ಒಳಗೆಲ್ಲ ಬಿಳಿ ಪುಡಿ ಕಚ್ಚಿತ್ತು. ಬೆರಳಿಗೆ ಹತ್ತಿಸಿ ನಾಲಗೆಗೆ ತಾಗಿಸಿದರು.

“ಉಪ್ಪು! ಡಿಸ್ಟಿಲ್ಡ್ ಅಂತ ಬರೆದು ಉಪ್ಪುನೀರು ಮಾರ್ತಾರಾ, ಕಳ್ಳರು!”

ಆಗ ನನಗೆ ಹೊಳೆಯಿತು. ನಮ್ಮ ಊರಿನ ಪಾದ್ರಿಗಳು ನೀರನ್ನು ಆಶೀರ್ವದಿಸುವಾಗ ಉಪ್ಪು ಬೆರೆಸುತ್ತಾರೆ. ಹುಟ್ಟಿದಾಗಿನಿಂದ ನೋಡಿದ್ದೇನೆ, ಆದರೂ ತಲೆಗೆ ಹೋಗಿರಲಿಲ್ಲ. ತಳದಲ್ಲಿ ಕೂತಿದ್ದ ಉಪ್ಪನ್ನೂ ಕುಲುಕಿ ಕುಲುಕಿ ನಾನೇ ಹಾಕಿದ್ದೆ. ಸುಮ್ಮನಿದ್ದಿದ್ದರೆ ತಪ್ಪು ಅಂಗಡಿಯವನ ತಲೆಗೆ ಹೋಗುತ್ತಿತ್ತು. ಆದರೆ ಬಾಯಿ ಕೇಳಲಿಲ್ಲ, ಹೇಳಿಬಿಟ್ಟೆ.

“ಹನ್ನೊಂದು ವರ್ಷ!” ಎಂದು ಅವರು ಕಿರುಚಿದರು. “ಆ ಮನುಷ್ಯನ ಎದುರು! ಒಂದು ಸುತ್ತು ಓಡಿದ್ರೆ ಸಾಕಿತ್ತು ನನಗೆ. ಒಂದೇ ಸುತ್ತು!”

ನಾನು ಅತ್ತೆ. ಅವರು ಸ್ಕ್ರೂಡ್ರೈವರನ್ನು ಗೋಡೆಗೆ ಎಸೆದರು. ಬಹಳ ಹೊತ್ತಾದ ಮೇಲೆ ಬೇರೆಯೇ ದನಿಯಲ್ಲಿ ಕೇಳಿದರು, “ಅದು ಓಡ್ಬೇಕು ಅಂತ ನಿನಗೂ ಇತ್ತಾ?”

“ಇಲ್ಲದಿದ್ರೆ ದೇವರ ನೀರು ಯಾಕೆ ಹಾಕುದು? ಹಾಳಾಗ್ಲಿ ಅಂತಿದ್ರೆ ಸೋಪಿನ ನೀರು ಹಾಕ್ತಿದ್ದೆ.”

ಅವರು ಎದ್ದು ಗೋಡೆಯ ಬುಡದಿಂದ ಸ್ಕ್ರೂಡ್ರೈವರನ್ನು ಹೆಕ್ಕಿಕೊಂಡರು.

ಶನಿವಾರ ಬೆಳಿಗ್ಗೆ ಕಾರ್ಗೋದ ತಾಹಿರ್ ಬಂದು ಪೆಟ್ಟಿಗೆಗಳನ್ನು ಕಟ್ಟತೊಡಗಿದ. ಮುರಿದ ಬಳೆಗೆ ಬದಲು ಹುಡುಕಲು ಸಮಯವಿರಲಿಲ್ಲ. ಇವರು ಬೋಗಿಯನ್ನು ಒಂದು ಕಸದ ಚೀಲಕ್ಕೆ ತುಂಬಿದರು. ತಾವು ಬರೆದ ನಕ್ಷೆಯನ್ನು ಹರಿಯಲು ಕೈಗೆತ್ತಿಕೊಂಡರು.

“ಖಲಾಸ್, ಕೊನ್ಸೆಪ್ಟಾ. ಇದಕ್ಕೆ ನಾನೇ ಡಿ ಹಾಕಿದೆ.”

ನಾನು ನಕ್ಷೆಯನ್ನು ಕಿತ್ತುಕೊಂಡೆ. ‘ಪರಿಶೀಲಿಸಿದವರು’ ಎಂಬ ಚೌಕ ಹನ್ನೊಂದು ವರ್ಷದಿಂದ ಖಾಲಿಯೇ ಇತ್ತು. ಅವರ ಜೇಬಿನ ಪೆನ್ಸಿಲ್ ತೆಗೆದು ಅಲ್ಲಿ ನನ್ನ ಹೆಸರು ಬರೆದೆ. ಪಕ್ಕದಲ್ಲಿ ದೊಡ್ಡದಾಗಿ ಬರೆದೆ: ಕೋಡ್ ಸಿ.

ಅವರು ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿದರು. ಜೀವಮಾನವೆಲ್ಲ ಅವರನ್ನು ಅರೆದ ಅಕ್ಷರ: ತಿದ್ದಿ ಮತ್ತೆ ಕಳುಹಿಸಿ. ಚೀಲದಿಂದ ಬೋಗಿಯನ್ನು ಹೊರತೆಗೆದು ಟವೆಲಿನಲ್ಲಿ ಸುತ್ತಿದರು.

ಊಟದ ಮೇಜು ಪಕ್ಕದ ಫ್ಲ್ಯಾಟಿನವರಿಗೆ ಎಂದು ಮಾತಾಗಿತ್ತು. ಊರಿಗೆ ಹೋದ ಮೇಲಾದರೂ ನಾನು ಮನುಷ್ಯರ ಹಾಗೆ, ರೈಲಿಲ್ಲದ ಬೇರೆ ಮೇಜಿನಲ್ಲಿ ಉಣ್ಣಬೇಕೆಂದಿದ್ದೆ.

“ತಾಹಿರ್,” ಎಂದೆ, “ಆ ಮೇಜನ್ನೂ ಹಾಕು.”