ಗೊದಮೊಟ್ಟೆಯ ಬಾಲದಲ್ಲಿ ಕಂಡ ರಕ್ತ

ಅದು ಮಹಾರಾಜರ ಕಾಲ. ಮೂಡಿಗೆರೆ ಕಡೆಯ ಎಸ್ಟೇಟೊಂದರಲ್ಲಿ ಮಲೇರಿಯಾ ಹಬ್ಬಿತ್ತು; ಆಳುಗಳ ರಕ್ತ ಪರೀಕ್ಷಿಸಲು ಸರ್ಕಾರದವರು ನನ್ನನ್ನು ಅಲ್ಲಿಗೆ ಕಳಿಸಿದ್ದರು. ಪರೀಕ್ಷೆಗೆ ಒಂದು ಹನಿ ರಕ್ತ ಸಾಕಾಗಿತ್ತು, ಆದರೆ ಆಳುಗಳು ಯಾರೂ ಬೆರಳು ಕೊಡಲೊಲ್ಲರು. "ಇರೋ ರಕ್ತಾನೂ ಬಸ್ಕೊಳ್ತೀರಾ?" ಎಂದು ಕಾಫಿಹಣ್ಣು ಕೊಯ್ಯುವ ಹಿರಿಯಾಕೆ ದೇವೀರಮ್ಮ ನನ್ನನ್ನು ಗದರಿದರು.

ನಾನು ಕೆರೆಯಿಂದ ಗೊದಮೊಟ್ಟೆಯೊಂದನ್ನು ತಂದು, ಅದರ ಬಾಲವನ್ನು ಸೂಕ್ಷ್ಮದರ್ಶಕದಲ್ಲಿ ಅವರಿಗೆ ತೋರಿಸಿದೆ. ಕೂದಲಿಗಿಂತ ಸಣ್ಣ ನಾಳಗಳಲ್ಲಿ ರಕ್ತದ ಕಣಗಳು ಒಂದರ ಹಿಂದೊಂದು ಓಡುತ್ತಿದ್ದವು.

ಬಹಳ ಹೊತ್ತು ಅವರು ಅದರಿಂದ ಕಣ್ಣು ಕೀಳಲಿಲ್ಲ. "ನನ್ನೊಳಗೂ ಹಿಂಗೇ ಹರೀತದಾ?"

"ಹೌದಮ್ಮ, ಬೆರಳ ತುದಿಯವರೆಗೂ. ಒಂದು ಹನಿ ತೆಗೆದರೆ ಬತ್ತೋದಿಲ್ಲ."

"ಹಂಗಾರೆ ಚುಚ್ಚು ಮಾರಾಯ!" ಎಂದು ಬೆರಳು ಚಾಚಿ, ಉಳಿದವರನ್ನು ಕೂಗಿದರು: "ಬಂದು ನೋಡ್ರೇ, ನಮ್ಮೊಳಗೇ ಹೊಳೆ ಹರೀತದೆ!"

ಮಧ್ಯಾಹ್ನದೊಳಗೆ ಆಳುಗಳೆಲ್ಲ ಸಾಲು ನಿಂತರು. ಕೊನೆಗೆ ಎಸ್ಟೇಟಿನ ದೊರೆಯೂ ಬಂದರು. ಬೆರಳು ಕೊಡುವುದಕ್ಕಲ್ಲ, ನೋಡುವುದಕ್ಕೆ ಮಾತ್ರ.